ಆಲ್ದೂರಿನ ಕಣದಲ್ಲಿ ಕಾಫಿ ಘಮ ಇರಲಿಲ್ಲ

ಬೆಂಗಳೂರಿನಿಂದ ಹೊರಟವರು ಚಿಕ್ಕಮಗಳೂರು ಮುಟ್ಟುವ ಮೊದಲೇ ಕಾಫಿ ತೋಟ ಕಾಣುತ್ತೆ ಅಂದುಕೊಂಡರೆ ನಿರಾಸೆ ಖಂಡಿತ. ಹಾಸನ ದಾಟಿದರೂ ಬಯಲು, ಬೇಲೂರು ದಾಟಿದರೂ ಬಯಲು. ಕೊಯ್ಲು ಮುಗಿದ ಹೊಲ, ತೆಂಗಿನ ತೋಟ, ಒಂದೆರಡು ಕೆರೆ. ಊರು ದಾಟಿ ಆಲ್ದೂರಿನ ರಸ್ತೆ ಹಿಡಿದ ಮೇಲೆಯೇ ಗಾಳಿ ಬದಲಾಗುವುದು. ಬಸ್ಸಿನಲ್ಲಿ ಒಬ್ಬೊಬ್ಬರೇ ಕಿಟಕಿ ಎಳೆದುಕೊಂಡರು. ಹೊರಗೆ ಎತ್ತರದ ಸಿಲ್ವರ್ ಓಕ್, ಅದನ್ನು ತಬ್ಬಿ ಹತ್ತಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಜನವರಿ ಆದ್ದರಿಂದ ಗಿಡದಲ್ಲಿ ಇನ್ನೂ ಕೆಂಪು ಹಣ್ಣು ಇತ್ತು.

ಹೊರಟಿದ್ದು ಗೆಳತಿಯ ದೊಡ್ಡಪ್ಪನ ತೋಟಕ್ಕೆ. ಅದಕ್ಕೂ ಮೊದಲು ಅಮ್ಮನಿಗೆ ಆಪರೇಷನ್ ಆಗಿ ನಾನು ಆಸ್ಪತ್ರೆಯಲ್ಲೇ ರಾತ್ರಿ ಕಳೆಯುತ್ತಿದ್ದೆ. ಅಮ್ಮ ಹುಷಾರಾಗಿ ಮನೆಗೆ ಬಂದರು. ಆದರೆ ನನಗೆ ಮಾತ್ರ ನಡುರಾತ್ರಿ ಎಚ್ಚರ ಆಗುವ ಅಭ್ಯಾಸ ಹೋಗಲೇ ಇಲ್ಲ. "ನಾಲ್ಕು ದಿನ ತೋಟಕ್ಕೆ ಬಂದು ಸುಮ್ನೆ ಬಿದ್ದಿರು" ಅಂತ ಗೆಳತಿ ಎಳೆದುಕೊಂಡು ಹೊರಟಳು.

ಆ ಆಸ್ಪತ್ರೆ ರಾತ್ರಿಗಳಲ್ಲಿ ನನ್ನನ್ನು ಕಾಪಾಡಿದ್ದು ಕಾರಿಡಾರಿನ ಮೂಲೆಯಲ್ಲಿದ್ದ ಕಾಫಿ ಮಷೀನು. ಅದರಷ್ಟು ಕೆಟ್ಟ ಕಾಫಿ ನಾನು ಎಲ್ಲೂ ಕುಡಿದಿಲ್ಲ. ಹಾಲಿನ ಪುಡಿ, ಸಕ್ಕರೆ, ಮೇಲೆ ನೊರೆ, ಅಷ್ಟೇ. ಆದರೂ ಆ ಪೇಪರ್ ಲೋಟ ಕೈಗೆ ಬಂದ ಕೂಡಲೇ ಎದೆಯ ಬಿಗಿ ಸ್ವಲ್ಪ ಸಡಿಲ ಆಗುತ್ತಿತ್ತು. ಕೆಫೀನ್ ಮಹಿಮೆ ಅಂತ ಹೇಳಬಹುದು. ಆದರೆ ಲೆಕ್ಕ ಕೂಡಿಬರುವುದಿಲ್ಲ. ಕೆಫೀನ್ ಹೊಟ್ಟೆಯಿಂದ ರಕ್ತಕ್ಕೆ ಇಳಿದು ಪೂರ್ತಿ ಏರುವುದಕ್ಕೆ ಸುಮಾರು ಅರ್ಧ, ಮುಕ್ಕಾಲು ಗಂಟೆ ಬೇಕು. ಮೆದುಳಿನಲ್ಲಿ ದಣಿವಿನ ಸುದ್ದಿ ಮುಟ್ಟಿಸುವ ಅಡೆನೋಸಿನ್ ಕೂರುವ ಜಾಗದಲ್ಲಿ ತಾನು ಹೋಗಿ ಕೂರುವುದು ಅದರ ಕೆಲಸ. ಅದು ಎಬ್ಬಿಸುತ್ತದೆ, ಸಮಾಧಾನ ಮಾಡುವುದಿಲ್ಲ. ನನಗೋ ಮೊದಲ ಗುಟುಕಿಗೇ, ನಿಜ ಹೇಳಬೇಕೆಂದರೆ ಗುಟುಕಿಗೂ ಮೊದಲೇ, ಸಮಾಧಾನ. ಹಾಗಾದರೆ ಅದು ಎಲ್ಲಿಂದ ಬರುತ್ತೆ? ಈ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡೇ ಕಾಫಿ ಸೀಮೆಗೆ ಹೋದೆ.

ತೋಟದ ಮನೆ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ದೊಡ್ಡಮ್ಮ ಬ್ಯಾಗು ಇಳಿಸುವುದಕ್ಕೂ ಬಿಡದೆ ಕಾಫಿ ತಂದರು. ಬೆಳೆಯುವವರ ಮನೆ ಕಾಫಿ, ಗಟ್ಟಿ ಡಿಕಾಕ್ಷನ್, ಹಸುವಿನ ಹಾಲು ಅಂತೆಲ್ಲ ಕಲ್ಪಿಸಿಕೊಂಡಿದ್ದೆ. ಬಂದಿದ್ದು ಬೆಲ್ಲದ ಕರಿ ಕಾಫಿ. ತೆಳ್ಳಗೆ, ಲೋಟದ ತಳ ಕಾಣುವಷ್ಟು ತೆಳ್ಳಗೆ. ನನ್ನ ಮುಖ ನೋಡಿಯೇ ದೊಡ್ಡಮ್ಮ ನಕ್ಕರು. "ಇಲ್ಲಿ ದಿನಕ್ಕೆ ಆರೇಳು ಸಲ ಕುಡಿಯೋದು ಮಾರಾಯ್ತಿ. ನಿಮ್ಮ ಊರಿನ ಹಾಗೆ ಗಟ್ಟಿ ಕುಡಿದ್ರೆ ಹೊಟ್ಟೆ ಉಳಿಯುತ್ತಾ?"

ಮನೆ ಖರ್ಚಿಗೆ ಯಾವ ಬೀಜ ಅಂತ ಕೇಳಿದೆ. ಕೊಯ್ಯುವಾಗ ನೆಲಕ್ಕೆ ಉದುರಿದ್ದು, ಜರಡಿಯಲ್ಲಿ ಉಳಿದ ಚೂರು, ಬಣ್ಣ ಕೆಟ್ಟದ್ದು. ಒಳ್ಳೆಯದೆಲ್ಲ ಮೂಟೆ ಸೇರುತ್ತೆ. ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೇ ಹೋಗುತ್ತದೆ, ಅದರಲ್ಲೂ ಇಟಲಿಗೆ ಜಾಸ್ತಿ. ಆಲ್ದೂರಿನವರು ಉದುರಿದ್ದನ್ನು ಕುಡಿದು ಇಟಲಿಯವರಿಗೆ ಆರಿಸಿದ್ದನ್ನು ಕೊಡುತ್ತಾರೆ. ಇದರ ಬಗ್ಗೆ ಮನೆಯಲ್ಲಿ ಯಾರಿಗೂ ಬೇಸರ ಇದ್ದಂತೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ದೊಡ್ಡಪ್ಪನ ಹಿಂದೆ ತೋಟಕ್ಕೆ ಇಳಿದೆ. ಮಂಜಿಗೆ ಎಲೆಗಳೆಲ್ಲ ಒದ್ದೆ, ಹತ್ತು ಹೆಜ್ಜೆಗೆ ಚಪ್ಪಲಿ ಜಾರತೊಡಗಿತು. ಇಲ್ಲಿ ಬೆಳೆಯುವ ಕಾಫಿ ಎರಡು ಬಗೆ. ಅರೇಬಿಕಾ ಕೊನೆಯ ಸುತ್ತಿನ ಕೊಯ್ಲು ನಡೆದಿತ್ತು, ರೋಬಸ್ಟಾ ಆಗಷ್ಟೇ ಶುರು. ಸೊಂಟಕ್ಕೆ ಚೀಲ ಕಟ್ಟಿಕೊಂಡ ಹೆಂಗಸರು ಕೊಂಬೆ ಬಗ್ಗಿಸಿ ಹಣ್ಣು ಕೀಳುತ್ತಿದ್ದರು. ಕೆಲವರು ಹತ್ತಿರದ ಊರಿನವರು, ಕೆಲವರು ಉತ್ತರ ಕರ್ನಾಟಕದವರು, ಒಂದು ಗುಂಪು ಅಸ್ಸಾಮಿನಿಂದ ಬಂದದ್ದು. ಹೊರಗಿನಿಂದ ಆಳು ಬರದಿದ್ದರೆ ಹಣ್ಣು ಗಿಡದಲ್ಲೇ ಒಣಗುತ್ತೆ ಅಂದರು ದೊಡ್ಡಪ್ಪ. ಸಂಜೆ ಪ್ರತಿಯೊಬ್ಬರ ಮೂಟೆ ತೂಕಕ್ಕೆ ಇಡುತ್ತಾರೆ, ರೈಟರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕೂಲಿ ಕೆಜಿ ಲೆಕ್ಕ.

ದೊಡ್ಡಪ್ಪ ಒಂದು ಹಣ್ಣು ಕಿತ್ತು ನನ್ನ ಕೈಗೆ ಕೊಟ್ಟು "ಹಿಚುಕು" ಅಂದರು. ಬೆರಳಿನ ನಡುವೆ ಒತ್ತಿದರೆ ಸಿಪ್ಪೆ ಬಿರಿದು ಎರಡು ಬೀಜ ಜಾರಿ ಹೊರಬಂದವು. ಮೈಯೆಲ್ಲ ಲೋಳೆ. ಬಾಯಿಗೆ ಹಾಕಿಕೊಂಡರೆ ಸಿಹಿ! ಎರಡು ಬೀಜ ಒಂದಕ್ಕೊಂದು ಚಪ್ಪಟೆ ಮುಖ ಕೊಟ್ಟು ಕೂತಿರುತ್ತವೆ. ಕೆಲವು ಹಣ್ಣಿನಲ್ಲಿ ಒಂದೇ ಬೀಜ ಇರುತ್ತೆ, ಗುಂಡಗೆ. ಅದು ಪೀಬೆರಿ, ಅದನ್ನು ಬೇರೆಯಾಗಿ ಆರಿಸಿ ಮಾರುತ್ತಾರೆ. ಮೂಸಿ ನೋಡಿದೆ. ಹಸಿ ಹುಲ್ಲಿನ ವಾಸನೆ, ಅಷ್ಟೇ. ಕಾಫಿಯ ಸುಳಿವೇ ಇಲ್ಲ.

ಕಣದಲ್ಲಾದರೂ ಘಮ ಇರಬಹುದು ಅಂದುಕೊಂಡೆ. ಅಲ್ಲಿ ಇನ್ನೂ ವಿಚಿತ್ರ. ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಪಕ್ಕ ಹುಳಿ ಹುಳಿ ನಾತ. ಲೋಳೆ ಬಿಡಲಿ ಅಂತ ಬೀಜವನ್ನು ತೊಟ್ಟಿಯಲ್ಲಿ ಒಂದು ದಿನಕ್ಕೂ ಜಾಸ್ತಿ ಹುಳಿ ಬರಿಸುತ್ತಾರೆ, ಆಮೇಲೆ ತೊಳೆದು ಹರಡುತ್ತಾರೆ. ಇದು ಪಾರ್ಚ್‌ಮೆಂಟ್. ಸಿಪ್ಪೆ ಸಮೇತ ಒಣಗಿಸಿದರೆ ಚೆರಿ. ಚೆರಿ ಒಣಗಿತೋ ಇಲ್ಲವೋ ಅಂತ ದೊಡ್ಡಪ್ಪ ನೋಡುವ ರೀತಿ ನನಗೆ ಬಹಳ ಇಷ್ಟವಾಯಿತು. ಒಂದು ಹಿಡಿ ಬಾಚಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗಿನ ಬೀಜ ಸಿಪ್ಪೆ ಬಿಟ್ಟಿದ್ದರೆ ಗೆಜ್ಜೆಯ ಹಾಗೆ ಸದ್ದು. ಮೂಲೆಯ ರಾಶಿ ಮಾತ್ರ ಮೂಕವಾಗಿತ್ತು. "ಇನ್ನೂ ನಾಲ್ಕು ಬಿಸಿಲು ಬೇಕು" ಅಂದವರೇ ಕಾಲು ಎಳೆದುಕೊಂಡು ಹಣ್ಣಿನ ನಡುವೆ ನಡೆದರು. ಹಿಂದೆ ಉದ್ದಕ್ಕೆ ಗೆರೆ ಬಿದ್ದು ಅಡಿಯ ಹಣ್ಣು ಮೇಲೆ ಬಂತು. ಐದಾರು ಕೆಜಿ ಹಣ್ಣು ಹೀಗೆಲ್ಲ ಆಗಿ ಒಂದು ಕೆಜಿ ಬೀಜ ಕೈಗೆ ಸಿಗುತ್ತೆ.

ಕೊನೆಗೂ ಕಣದಲ್ಲಿ ಕಾಫಿ ವಾಸನೆ ಇರಲೇ ಇಲ್ಲ. ಹತ್ತು ಗಂಟೆಗೆ ದೊಡ್ಡಮ್ಮ ದೊಡ್ಡ ಕ್ಯಾನಿನಲ್ಲಿ ಬೆಲ್ಲದ ಕಾಫಿ ಕಳಿಸಿದಾಗ ಮಾತ್ರ ಬಂತು. ಕೆಲಸದವರು ಚೀಲ ಬಿಚ್ಚಿಟ್ಟು ಮರದ ಬುಡದಲ್ಲಿ ಕೂತರು. ಅಸ್ಸಾಮಿನ ಹುಡುಗಿಯೊಬ್ಬಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡಳು. ಕುಡಿಯುವ ಆತುರವೇ ಇಲ್ಲ. ಪಕ್ಕದವಳು ಏನೋ ಅಂದಳು, ಇಬ್ಬರೂ ನಕ್ಕರು. ಮೇಸ್ತ್ರಿ ಕೂಡ ಆಗ ಸುಮ್ಮನಿದ್ದ. ಲೋಟ ಕೈಯಲ್ಲಿ ಇರುವವರೆಗೆ ಯಾರೂ ಅವರನ್ನು ಏಳಿ ಅನ್ನುವಂತಿಲ್ಲ. ಆಸ್ಪತ್ರೆಯಲ್ಲೂ ಹಾಗೇ ಇತ್ತಲ್ವಾ, ಅನ್ನಿಸಿತು. ಪೇಪರ್ ಲೋಟ ಹಿಡಿದು ನಿಂತಾಗ ಯಾರೂ ಬಂದು ಫಾರಂ ತುಂಬಿ ಅನ್ನುತ್ತಿರಲಿಲ್ಲ, ನಾನೂ ನನಗೆ ಏನೂ ಹೇಳಿಕೊಳ್ಳುತ್ತಿರಲಿಲ್ಲ. ಸುಮ್ಮನೆ ನಿಲ್ಲುವುದಕ್ಕೆ ಒಂದು ನೆಪ ಬೇಕು. ಕಾಫಿ ಆ ನೆಪ ಕೊಡುತ್ತೆ. ನೀರು ಕೊಡಲ್ಲ, ಎರಡು ಗುಟುಕಿಗೆ ಮುಗಿದುಹೋಗುತ್ತೆ.

ರಾತ್ರಿ ಒಲೆ ಮುಂದೆ ಕೂತಾಗ ದೊಡ್ಡಪ್ಪನ ಕೈಯಲ್ಲಿ ಮೊಬೈಲು. ಲಂಡನ್ ರೇಟು ನೋಡುತ್ತಿದ್ದರು. ರೋಬಸ್ಟಾ ಬೆಲೆ ಲಂಡನ್‌ನಲ್ಲಿ, ಅರೇಬಿಕಾ ಬೆಲೆ ನ್ಯೂಯಾರ್ಕ್‌ನಲ್ಲಿ ಏರಿ ಇಳಿಯುತ್ತೆ. ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಬೆಳೆ ಕೆಟ್ಟರೆ ಬೆಲೆ ಏರಿ ಆಲ್ದೂರಿನಲ್ಲಿ ಸಾಲ ತೀರುತ್ತೆ. ಅದು ಸರಿ ಇದ್ದರೆ ಮಳೆಯ ಚಿಂತೆ. ಈಗ ಜನವರಿಯಲ್ಲಿ ಮಳೆ ಬಂದರೆ ಕಣದ್ದು ಹಾಳು, ಗಿಡದ ಹಣ್ಣು ಉದುರುತ್ತೆ, ಹಣ್ಣು ಇರುವಾಗಲೇ ಹೂ ಬಿಡುತ್ತೆ. ಅದೇ ಮಳೆ ಫೆಬ್ರವರಿ, ಮಾರ್ಚ್‌ನಲ್ಲಿ ಬಾರದೆ ಹೋದರೆ ಮುಂದಿನ ವರ್ಷದ ಬೆಳೆಯೇ ಇಲ್ಲ. ಹೂ ಮಳೆ ಬಿದ್ದ ಹತ್ತು ದಿನದೊಳಗೆ ತೋಟವೆಲ್ಲ ಬಿಳಿ ಆಗಿ ಮಲ್ಲಿಗೆಯ ಘಮ ಬರುತ್ತೆ, ಎರಡು ಮೂರು ದಿನದಲ್ಲಿ ಬಾಡಿಹೋಗುತ್ತೆ. ಇದರ ಮೇಲೆ ಬಿಳಿ ಕಾಂಡಕೊರಕ ಹುಳದ ಕಾಟ. ಎಲ್ಲ ಹೇಳಿ ಮುಗಿಸಿ ದೊಡ್ಡಪ್ಪ ಅಂದರು: "ಕಾಫಿ ಬೆಳೆಯೋನಿಗೂ ನಿದ್ದೆ ಇಲ್ಲ, ಕುಡಿಯೋನಿಗೂ ನಿದ್ದೆ ಇಲ್ಲ. ಮಾರೋನು ಒಬ್ಬ ಮಲಗ್ತಾನೆ ನೋಡು." ಹೇಳಿದವರೇ ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಂಡರು. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯುವುದಕ್ಕೆ ಸುಮಾರು ಐದು ಗಂಟೆ ಬೇಕು ಅಂತ ನಾನು ಹೇಳಲು ಹೋಗಲಿಲ್ಲ. ಅರ್ಧ ಗಂಟೆಯಲ್ಲಿ ಗೊರಕೆ ಕೇಳಿಸಿತು. ನಾನೂ ಬೆಳಗಿನವರೆಗೆ ಎಚ್ಚರ ಆಗಲಿಲ್ಲ.

ಬಾಬಾಬುಡನಗಿರಿಗೂ ಹೋಗಿ ಬಂದೆವು. ಭಾನುವಾರ ಹೋಗಬೇಡಿ, ಇಷ್ಟೇ ನನ್ನ ಸಲಹೆ. ಜೀಪು, ಬೈಕು, ಹಾರನ್ನು. 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ಬಚ್ಚಿಟ್ಟುಕೊಂಡು ತಂದು ಈ ಬೆಟ್ಟದಲ್ಲಿ ಬಿತ್ತಿದರು ಅನ್ನುವ ಕಥೆ ಎಲ್ಲರಿಗೂ ಗೊತ್ತು. ಮೊಳೆಯುವ ಬೀಜ ಹೊರಗೆ ಹೋಗದ ಹಾಗೆ ಅರಬ್ಬರು ಕಾಯುತ್ತಿದ್ದರಂತೆ. ನನಗೆ ಆ ಕಥೆಯಲ್ಲಿ ಹಿಡಿಸುವುದು, ಬೀಜ ತಂದವರು ವ್ಯಾಪಾರಿ ಅಲ್ಲ, ಯಾತ್ರೆ ಮುಗಿಸಿ ಮನೆಗೆ ಮರಳುತ್ತಿದ್ದ ಫಕೀರ ಅನ್ನುವುದು.

ಅದಕ್ಕಿಂತ ಬಾಳೆಹೊನ್ನೂರಿನ ಕಡೆಗಿನ ದಾರಿ ಚೆನ್ನಾಗಿತ್ತು. ಆ ಊರಿನ ಹತ್ತಿರ ಕಾಫಿ ಸಂಶೋಧನಾ ಕೇಂದ್ರ ಇದೆ. 1925ರಲ್ಲಿ ಮೈಸೂರು ಸಂಸ್ಥಾನ ಶುರು ಮಾಡಿದ್ದು, ಹಿಂದಿದ್ದವರು ಆಗಿನ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್. ದಾರಿಯಲ್ಲಿ ದೊಡ್ಡಪ್ಪ ಗಾಡಿ ನಿಲ್ಲಿಸಿ ಯಾರದೋ ಬೇಲಿಯಂಚಿನ ಗಿಡದ ಎಲೆ ತಿರುಗಿಸಿ ತೋರಿಸಿದರು. ಎಲೆಯಡಿ ಕಿತ್ತಳೆ ಬಣ್ಣದ ಪುಡಿ, ಬೆರಳಿಗೆ ಅಂಟಿತು. ಇದೇ ಎಲೆ ತುಕ್ಕು ರೋಗ. 1869ರ ಹೊತ್ತಿಗೆ ಸಿಲೋನಿಗೆ, ಅಂದರೆ ಈಗಿನ ಶ್ರೀಲಂಕಾಗೆ, ಬಡಿದು ಅಲ್ಲಿನ ಕಾಫಿಯನ್ನು ನುಂಗಿಹಾಕಿತು, ಅಲ್ಲಿಯವರು ಟೀ ಹಿಡಿದರು. ಇಲ್ಲಿಗೂ ಬಂತು, ಆದರೆ ಇಲ್ಲಿ ರೋಗ ತಡೆಯುವ ಗಿಡ ಹುಡುಕುತ್ತಾ ಹೋದರು. ಮೊದಲು ಕೆಂಟ್ಸ್ ಅನ್ನುವ ತಳಿ, ಆಮೇಲೆ ಬಾಳೆಹೊನ್ನೂರಿನದೇ ತಳಿ ಎಸ್.795. ಇವತ್ತಿಗೂ ಎಷ್ಟೋ ತೋಟದಲ್ಲಿ ಅದೇ ಇದೆ. ಅವರು ಹುಡುಕದೆ ಇದ್ದಿದ್ದರೆ ನಾನು ಈಗ ಟೀ ಬಗ್ಗೆ ಬರೆಯುತ್ತಿದ್ದೆ. ಬೇಡಪ್ಪ!

ಹೊರಡುವ ದಿನ ಚಿಕ್ಕಮಗಳೂರಿನಲ್ಲಿ ಪುಡಿ ಕೊಳ್ಳಲು ಇಳಿದೆವು. ಅಂಗಡಿ ಇನ್ನೂ ಕಾಣುವ ಮೊದಲೇ ವಾಸನೆ ಬಂತು. ಇಷ್ಟು ದಿನ ತೋಟ, ಕಣ, ಗೋದಾಮು ಎಲ್ಲಿ ಹುಡುಕಿದರೂ ಸಿಗದ ಘಮ ಇಲ್ಲಿ ಬೀದಿಗೆಲ್ಲ ಹರಡಿತ್ತು. ಒಳಗೆ ಹುರಿಯುವ ಡ್ರಮ್ಮು ತಿರುಗುತ್ತಿತ್ತು. ಹಸಿರು ಬೀಜ ಮೊದಲು ಹಳದಿ ಆಗುತ್ತೆ, ಆಗ ಇನ್ನೂ ಹುಲ್ಲಿನ ವಾಸನೆ. ಆಮೇಲೆ ಕಂದು. ಶಾಖ 200 ಡಿಗ್ರಿಯ ಹತ್ತಿರ ಬಂದಾಗ ಚಟಪಟ ಸಿಡಿಯುತ್ತೆ, ಬೀಜ ಉಬ್ಬುತ್ತೆ, ತೂಕ ಇಳಿಯುತ್ತೆ. ಬೀಜದೊಳಗಿನ ಸಕ್ಕರೆ, ಪ್ರೋಟೀನು ಬೆಂಕಿಯಲ್ಲಿ ಬೆರೆತು ಹುಟ್ಟುವ ವಾಸನೆ ಅದು. ಗಿಡಕ್ಕೆ ಅದರ ಗಂಧವೇ ಗೊತ್ತಿಲ್ಲ. ಹುರಿಯುವವರು ಗಡಿಯಾರ ನೋಡುತ್ತಿರಲಿಲ್ಲ. ಸದ್ದು ಕೇಳುತ್ತಾ, ಸಣ್ಣ ಸೌಟಿನಲ್ಲಿ ನಾಲ್ಕು ಬೀಜ ಎಳೆದು ಬಣ್ಣ ನೋಡಿ ಮತ್ತೆ ಒಳಗೆ ಹಾಕುತ್ತಾ ಇದ್ದರು. ಒಂದು ಕ್ಷಣಕ್ಕೆ ತಟ್ಟನೆ ಬಾಗಿಲು ತೆಗೆದು ಎಲ್ಲವನ್ನೂ ತಟ್ಟೆಗೆ ಸುರಿದರು. ಹೊಗೆ ಮುಖಕ್ಕೆ ಬಂತು. ಗೆಳತಿ ಕೆಮ್ಮಿದಳು, ನಾನು ಇನ್ನಷ್ಟು ಹತ್ತಿರ ಹೋದೆ.

"ಚಿಕೋರಿ ಎಷ್ಟು ಮೇಡಂ?" ಅಂಗಡಿಯವರು ಕೇಳಿದರು.

ಕಾನೂನಿನ ಪ್ರಕಾರ ಪುಡಿಯಲ್ಲಿ ನೂರಕ್ಕೆ 51 ಪಾಲಾದರೂ ಕಾಫಿ ಇರಬೇಕು, ಉಳಿದದ್ದು ಚಿಕೋರಿ ಆಗಬಹುದು, ಎಷ್ಟು ಅಂತ ಪೊಟ್ಟಣದ ಮೇಲೆ ಬರೆದಿರಬೇಕು. ನಮ್ಮ ಮನೆಯಲ್ಲಿ ಮೊದಲಿನಿಂದಲೂ 20. ಡಿಕಾಕ್ಷನ್ ಕಪ್ಪಗೆ, ದಪ್ಪಗೆ ಇಳಿಯುತ್ತೆ, ಹಾಲು ಬೆರೆಸಿದರೂ ಬಣ್ಣ ಬಿಡುವುದಿಲ್ಲ. ಅಮ್ಮನಿಗೆ ಅದಿಲ್ಲದಿದ್ದರೆ ಕಾಫಿ ಕುಡಿದ ಹಾಗೆ ಆಗುವುದಿಲ್ಲ. ಆದರೆ ಪಕ್ಕದಲ್ಲಿ ನಿಂತಿದ್ದವರು ದೊಡ್ಡಪ್ಪ. ಕಣದಲ್ಲಿ ಕಾಲು ಎಳೆದು ನಡೆದವರ ಮುಂದೆ ಹೇಗೆ ಹೇಳುವುದು? ದನಿ ತಗ್ಗಿಸಿ "ಇಪ್ಪತ್ತು" ಅಂದೆ.

ಅವರಿಗೆ ಕೇಳಿಸಿತು. "ಚಿಕೋರಿ ಅಂದ್ರೆ ಬೇರು ಮಾರಾಯ್ತಿ! ವರ್ಷವಿಡೀ ಒದ್ದಾಡಿ ಬೀಜ ಬೆಳೆದು ಕೊಟ್ರೆ ನೀವು ಬೇರು ಬೆರೆಸಿ ಕುಡೀತೀರಲ್ಲ?"

ಅಂಗಡಿಯವರು ನಗುತ್ತಾ ನಮ್ಮಿಬ್ಬರ ಮುಖ ನೋಡಿದರು. ಕೊನೆಗೆ ಎರಡು ಪೊಟ್ಟಣ ಆಯಿತು. ಒಂದು ಅಮ್ಮನಿಗೆ, ಇಪ್ಪತ್ತರದ್ದು. ಇನ್ನೊಂದು ಅಪ್ಪಟ. ಅದರ ದುಡ್ಡು ನಾನು ಎಷ್ಟು ಬೇಡವೆಂದರೂ ದೊಡ್ಡಪ್ಪನೇ ಕೊಟ್ಟರು, ತೋಟದವರ ಮರ್ಯಾದೆ ಪ್ರಶ್ನೆ ಅಂತ.