ಹತ್ತು ಅಂಕ ನುಂಗಿದ ಕೋಳಿಚರ್ಮ

ಶನಿವಾರ ಬೆಳಗ್ಗೆ 11 ಗಂಟೆ 55 ನಿಮಿಷಕ್ಕೆ ನಮ್ಮ ಹಿತ್ತಲಿನಲ್ಲಿ ಆರು ಜನ ಆರು ಕೋಳಿತೊಡೆಗಳನ್ನು ಕೈಗೆತ್ತಿಕೊಂಡು ಕಚ್ಚಿದರು. ಆರರಲ್ಲೂ ಹಲ್ಲಿನ ಗುರುತು ಅರ್ಧಚಂದ್ರದ ಆಕಾರದಲ್ಲಿ ಮೂಡಿತು. ಕಚ್ಚಿದ ಕಡೆ ಚರ್ಮ ತುಂಡಾಯಿತು, ಉಳಿದದ್ದು ಮಾಂಸದ ಮೇಲೆ ಅಂಟಿಕೊಂಡೇ ಇತ್ತು. ಬಾರ್ಬೆಕ್ಯೂ ಸ್ಪರ್ಧೆಗೆ ಇಳಿದವರಿಗೆ ಇದರ ಅರ್ಥ ಗೊತ್ತು: ಚರ್ಮ ಹದವಾಗಿ ಬೆಂದಿದೆ. ಏಳು ಶನಿವಾರ, ಶನಿವಾರಕ್ಕೆ ಹದಿನಾರರಂತೆ 112 ತೊಡೆಗಳು ಆದ ಮೇಲೆ ಈ ಅರ್ಧಚಂದ್ರ ನಮಗೆ ಕಾಣಿಸಿದೆ.

ಹೊಸಬರಿಗಾಗಿ ಎರಡು ಮಾತು. ನಾವು ಕ್ಯಾನ್ಸಸ್ ರಾಜ್ಯದ ಓವರ್‌ಲ್ಯಾಂಡ್ ಪಾರ್ಕಿನಲ್ಲಿದ್ದೇವೆ. ತಂಡದಲ್ಲಿ ನಾನು, ನನ್ನ ಹೆಂಡತಿ, ಅವಳ ಅಣ್ಣ, ಪಕ್ಕದ ಮನೆಯ ನಿವೃತ್ತ ಶಿಕ್ಷಕರು. ಬೆಂಕಿ ಹಾಕುವುದು ಭಾವನ ಕೆಲಸ, ತೀರ್ಪುಗಾರರಿಗೆ ಹೋಗುವ ಪೆಟ್ಟಿಗೆ ಜೋಡಿಸುವುದು ಹೆಂಡತಿಯದು, ಗಡಿಯಾರ ನೋಡುವುದು ಶಿಕ್ಷಕರದು. ಚಾಕು ನನ್ನದು. ಇರುವ ಸಾಮಾನು ಎರಡು ವೆಬರ್ ಸ್ಮೋಕಿ ಮೌಂಟನ್ (ಇದ್ದಿಲಿನ ಹೊಗೆಯಲ್ಲಿ ಬೇಯಿಸುವ ಒಲೆ, ಅಂದರೆ ಸ್ಮೋಕರ್), ಒಂದು ಮಡಚುವ ಡೇರೆ. 1985ರಲ್ಲಿ ಹುಟ್ಟಿದ ಕ್ಯಾನ್ಸಸ್ ಸಿಟಿ ಬಾರ್ಬೆಕ್ಯೂ ಸೊಸೈಟಿಯ ನಿಯಮಗಳಲ್ಲಿ ನಡೆಯುವ ನಾಲ್ಕು ಮಾಂಸಗಳ ವಿಭಾಗಕ್ಕೇ ನೇರವಾಗಿ ಹೆಸರು ಕೊಟ್ಟೆವು. ಹನ್ನೆರಡಕ್ಕೆ ಕೋಳಿ, ಹನ್ನೆರಡೂವರೆಗೆ ಪಕ್ಕೆಲುಬು, ಒಂದಕ್ಕೆ ಹಂದಿಭುಜ, ಒಂದೂವರೆಗೆ ಬ್ರಿಸ್ಕೆಟ್, ಅಂದರೆ ದನದ ಎದೆಯ ಮಾಂಸ. ಹೇಳಿದ ಹೊತ್ತಿಗೆ ಐದು ನಿಮಿಷ ಮುಂಚೆ ಅಥವಾ ಐದು ನಿಮಿಷ ನಂತರದ ಒಳಗೆ ಪೆಟ್ಟಿಗೆ ತಲುಪಬೇಕು.

ಮೊದಲ ಸ್ಪರ್ಧೆ ಮಿಸೌರಿಯ ಒಂದು ಪುಟ್ಟ ಊರಿನಲ್ಲಿ. ಬ್ರಿಸ್ಕೆಟ್ ಮಾನ ಉಳಿಸಿತು, ಪಕ್ಕೆಲುಬು ಪರವಾಗಿಲ್ಲ. ಕೋಳಿಗೆ 180ಕ್ಕೆ 146.2748 ಬಂತು. ಆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಒಂದು ವಾರ ಓದಿದೆ. ನೋಟಕ್ಕೆ ಹೆಚ್ಚಿನವರು ಎಂಟು ಕೊಟ್ಟಿದ್ದರು, ರುಚಿಗೂ ಎಂಟು, ಒಂದೆರಡು ಏಳು. ಮೃದುತ್ವಕ್ಕೆ ಮಾತ್ರ ಆರು, ಐದು, ಆರು, ಆರು, ಏಳು, ಆರು. ತೀರ್ಪುಗಾರರೊಬ್ಬರು ಟಿಪ್ಪಣಿ ಚೀಟಿಯಲ್ಲಿ ಬರೆದಿದ್ದರು: ಮೊದಲ ಕಡಿತಕ್ಕೇ ಚರ್ಮವೆಲ್ಲ ಕಿತ್ತು ಬಂತು, ರಬ್ಬರಿನಂತಿತ್ತು.

ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಮೃದುತ್ವದ ಪ್ರತಿ ಅಂಕವನ್ನೂ 1.1428ರಿಂದ ಗುಣಿಸುತ್ತಾರೆ. ಆರು ತೀರ್ಪುಗಾರರಲ್ಲಿ ಒಟ್ಟಾರೆ ಅತಿ ಕಡಿಮೆ ಕೊಟ್ಟವರನ್ನು ಬಿಟ್ಟು ಉಳಿದ ಐವರದನ್ನು ಕೂಡುತ್ತಾರೆ; ನಮ್ಮಲ್ಲಿ ಹಾಗೆ ಹೊರಗುಳಿದವರು ಮೃದುತ್ವಕ್ಕೆ ಆರು ಕೊಟ್ಟವರೊಬ್ಬರು. ಆ ಐವರೂ ಮೃದುತ್ವಕ್ಕೆ ಎಂಟು ಕೊಟ್ಟಿದ್ದರೆ ನಮಗೆ ಹತ್ತು ಅಂಕ ಹೆಚ್ಚು, ಅಂದರೆ 11.428 ಸೇರಿ 157.7028 ಆಗುತ್ತಿತ್ತು. ಮಸಾಲೆ ಬದಲಿಸಬೇಕಿರಲಿಲ್ಲ, ಸಾಸ್ ಬದಲಿಸಬೇಕಿರಲಿಲ್ಲ. ಕಾಗದದಷ್ಟು ತೆಳುವಾದ ಒಂದು ಪದರ ಅಷ್ಟನ್ನೂ ನುಂಗಿತ್ತು.

ಮೊದಲ ಶನಿವಾರ ಎಲ್ಲರೂ ಹೇಳುವ ಮಾತನ್ನೇ ನಂಬಿದೆ: ಉರಿ ಏರಿಸು. ಸ್ಮೋಕರ್ 325 ಡಿಗ್ರಿಗೆ ಹೋಯಿತು (ಇಲ್ಲಿನ ಡಿಗ್ರಿಗಳೆಲ್ಲ ಫ್ಯಾರನ್‌ಹೀಟ್). ಚರ್ಮ ಹಪ್ಪಳದಂತೆ ಗರಿಗರಿಯಾಗಿ ಹೊರಬಂತು, ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಅದಕ್ಕೆ ಸಾಸ್ ಹಚ್ಚಿ, ಮುಚ್ಚಳ ಹಾಕಿದ ಪೆಟ್ಟಿಗೆಯಲ್ಲಿ ಹತ್ತು ನಿಮಿಷ ಇಟ್ಟು ತೆಗೆದರೆ ಹಪ್ಪಳ ಚಪ್ಪಲಿಯಾಗಿತ್ತು. ತೀರ್ಪುಗಾರರ ಮುಂದೆ ಹೋಗುವುದು ಗ್ರಿಲ್ಲಿನಿಂದ ಇಳಿದ ಕೋಳಿಯಲ್ಲ, ಮುಚ್ಚಿದ ಪೆಟ್ಟಿಗೆಯೊಳಗೆ ತನ್ನದೇ ಹಬೆಯಲ್ಲಿ ಕುಳಿತ ಕೋಳಿ. ಇದನ್ನು ಮರೆತು ಗರಿಗರಿಯ ಹಿಂದೆ ಓಡಿದ್ದು ನಮ್ಮ ಮೊದಲ ತಪ್ಪು. ಅಭ್ಯಾಸ ಮಾಡುವವರು ಪ್ರತಿ ಸಲವೂ ಪೆಟ್ಟಿಗೆಗೆ ಹಾಕಿ, ಮುಚ್ಚಿ, ಹತ್ತು ನಿಮಿಷ ಕಾದು, ಆಮೇಲೆ ತಿಂದು ನೋಡಿ ಎಂದು ಕೈಮುಗಿದು ಕೇಳುತ್ತೇನೆ.

ಎರಡನೆಯ ವಾರ ಕೆರೆಯುವ ಕೆಲಸ. ಚರ್ಮವನ್ನು ಬಿಡಿಸಿ, ಒಳಮೈ ಮೇಲಾಗಿ ಹಲಗೆಯ ಮೇಲೆ ಹರಡಿ, ಕೊಬ್ಬನ್ನೆಲ್ಲ ಚಾಕುವಿನಿಂದ ಕೆರೆದು, ಮತ್ತೆ ತೊಡೆಗೆ ಸುತ್ತುವುದು. ತೆಂಗಿನಕಾಯಿ ತುರಿಯುವ ಕೈ ಇಲ್ಲಿ ಕೆಲಸಕ್ಕೆ ಬಾರದು, ಗೋಡೆಯ ಹಳೆಯ ಸುಣ್ಣ ಕೆರೆಯುವ ಕೈ ಬೇಕು: ಚಾಕು ನೆಟ್ಟಗೆ, ಒತ್ತು ಹಗುರ, ಒಂದೇ ದಿಕ್ಕು. ಹದಿನಾರು ತೊಡೆಗಳಿಗೆ ಎರಡೂವರೆ ಗಂಟೆ ಹಿಡಿಯಿತು, ಐದು ಚರ್ಮ ಹರಿದವು. ಮುಂದಿನ ವಾರ ಚರ್ಮಗಳನ್ನು ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು ಕೆರೆದೆ. ಕೊಬ್ಬು ಗಟ್ಟಿಯಾಗಿ ಸಿಪ್ಪೆಯಂತೆ ಎದ್ದು ಬಂತು, ಹರಿದದ್ದು ಒಂದೇ. ಕೆರೆದ ಚರ್ಮ ಖಂಡಿತ ಉತ್ತಮ. ಆದರೂ ಆರರಲ್ಲಿ ಎರಡು ಕಿತ್ತು ಬರುತ್ತಿದ್ದವು, ಯಾವ ಎರಡು ಎಂದು ಮೊದಲೇ ಹೇಳಲು ಆಗುತ್ತಿರಲಿಲ್ಲ.

ಇಲ್ಲಿ ಮಾಂಸದ ಸರಬರಾಜಿನ ಬಗ್ಗೆ ಹೇಳಲೇಬೇಕು. ಒಂದೇ ಪೊಟ್ಟಣದಲ್ಲಿ ಅಂಗೈಯಷ್ಟು ಒಂದು ತೊಡೆ, ಅದರ ಎರಡರಷ್ಟು ಇನ್ನೊಂದು. ಮೇಲಿನ ಸಾಲಿನಲ್ಲಿ ತುಂಬು ಚರ್ಮದವು, ಕೆಳಗಿನ ಸಾಲಿನಲ್ಲಿ ಅರ್ಧ ಚರ್ಮ ಯಂತ್ರಕ್ಕೆ ಸಿಕ್ಕಿ ಹೋದವು. ಆರು ತುಂಡು ಒಂದೇ ಅಳತೆಯಲ್ಲಿ ಸಿಗಬೇಕೆಂದರೆ ಮೂರು ಪೊಟ್ಟಣ ಒಡೆಯಬೇಕು. ಇದ್ದಿಲಿನ ಚೀಲವೊಂದರಲ್ಲಿ ಮುಷ್ಟಿಗಾತ್ರದ ಕಲ್ಲು ಸಿಕ್ಕಿತು. ತೂಕ ಹಾಕಿದೆ, 410 ಗ್ರಾಂ. ಇದ್ದಿಲಿನ ಬೆಲೆಯಲ್ಲಿ ಕಲ್ಲು ಕೊಂಡದ್ದಕ್ಕೆ ಇವತ್ತಿಗೂ ಕೋಪವಿದೆ.

ಅದಕ್ಕಿಂತ ದೊಡ್ಡ ಮೋಸ ಉಷ್ಣಮಾಪಕದ್ದು. ನಾಲ್ಕನೆಯ ವಾರ ಏನೂ ತೋಚದೆ ಅದರ ಮುಳ್ಳನ್ನು ಮಂಜುಗಡ್ಡೆ ತುಂಬಿದ ನೀರಿನಲ್ಲಿ ಅದ್ದಿದೆ. 32 ತೋರಿಸಬೇಕಾದ್ದು 41 ತೋರಿಸಿತು. ಅಂದರೆ ಮೊದಲ ಸ್ಪರ್ಧೆಯಲ್ಲಿ 178 ಎಂದು ಓದಿ ಇಳಿಸಿದ ತೊಡೆಗಳು ನಿಜವಾಗಿ 169ರ ಆಸುಪಾಸಿನಲ್ಲಿದ್ದವು. ತಿನ್ನಲು ಅಪಾಯವಿಲ್ಲ, 165 ದಾಟಿದರೆ ಕೋಳಿ ಸುರಕ್ಷಿತ. ಆದರೆ ತೊಡೆ ಎದೆಮಾಂಸದ ಹಾಗಲ್ಲ, ಅದರ ನಾರು ಸಡಿಲವಾಗಲು 175 ದಾಟಬೇಕು, 185ರಲ್ಲಿ ಇನ್ನೂ ಚೆನ್ನ. ಹೊಸ ಮಾಪಕ ಬಂತು. ಈಗ ಪ್ರತಿ ಶನಿವಾರ ಬೆಂಕಿ ಹಚ್ಚುವ ಮೊದಲು ಮಂಜುಗಡ್ಡೆಯ ಲೋಟದಲ್ಲಿ ಅದರ ಪರೀಕ್ಷೆ ನಡೆಯುತ್ತದೆ.

ಮಾಪಕ ಸರಿಯಾಯಿತು, ಮಾಂಸ ಬೆಣ್ಣೆಯಾಯಿತು, ಚರ್ಮ ಮಾತ್ರ ಹಟ ಬಿಡಲಿಲ್ಲ. ಬೇಕಿಂಗ್ ಪೌಡರ್ ಹಚ್ಚಿ ನೋಡಿದೆವು. ಮತ್ತೆ ಅದೇ ಗರಿಗರಿ, ಜೊತೆಗೆ ನಾಲಿಗೆಯ ಮೇಲೆ ಲೋಹದ ಒಗರು. ಸೂಜಿಗಳಿರುವ ಮೃದುಕಾರಕದಿಂದ ಚುಚ್ಚಿ ನೋಡಿದೆವು. ಕಚ್ಚಲು ಸುಲಭವಾಯಿತು, ಆದರೆ ಬೆಂದಂತೆ ತೂತುಗಳು ಹಿಗ್ಗಿ ಚರ್ಮ ಜರಡಿಯಂತಾಯಿತು. ನೋಟದಲ್ಲಿ ಅಂಕ ಕೊಟ್ಟು ಮೃದುತ್ವದಲ್ಲಿ ಅಂಕ ಕೊಳ್ಳುವ ವ್ಯಾಪಾರ ನನಗೆ ಒಪ್ಪಿಗೆಯಾಗಲಿಲ್ಲ. ಆ ಹೊತ್ತಿಗೆ ಮಗಳು ಭಾನುವಾರದ ಊಟಕ್ಕೆ ಕೋಳಿ ಕಂಡರೆ ತಟ್ಟೆ ಹಿಡಿದು ಪಕ್ಕದ ಮನೆಗೆ ನಡೆದುಬಿಡುತ್ತಿದ್ದಳು. ಅಲ್ಲಿಯೂ ನಮ್ಮ ಕೋಳಿಯೇ ಇರುತ್ತಿತ್ತು.

ಐದನೆಯ ಶನಿವಾರ ಮಳೆ. ಆರು ತುಂಡುಗಳನ್ನು ಪೆಟ್ಟಿಗೆಗೆ ಆರಿಸಿ, ಉಳಿದ ಹತ್ತನ್ನು ಬೆಣ್ಣೆ ಇದ್ದ ಅಲ್ಯೂಮಿನಿಯಂ ತಟ್ಟೆಯಲ್ಲೇ ಫಾಯಿಲ್ ಮುಚ್ಚಿ, ಬ್ರಿಸ್ಕೆಟ್ ಬೆಚ್ಚಗಿಡುವ ಕೂಲರಿಗೆ ತಳ್ಳಿ ಒಳಗೆ ಓಡಿದೆವು. ಪೆಟ್ಟಿಗೆಯ ತುಂಡುಗಳು ಎಂದಿನಂತೆ ಎರಡು ಕಿತ್ತು ಬಂದವು. ನಾನು ಮಾತಾಡದೆ ಚಾಕು ತೊಳೆಯುತ್ತಿದ್ದೆ. ಸುಮಾರು ಒಂದು ಗಂಟೆಯ ನಂತರ ಹೆಂಡತಿ ಅಡುಗೆಮನೆಯಿಂದ ಕರೆದಳು.

"ರೀ, ಕೂಲರಿನಲ್ಲಿದ್ದದ್ದನ್ನು ತಿಂದು ನೋಡಿದಿರಾ?"

"ಅದು ಉಳಿದದ್ದು, ರಾತ್ರಿಗೆ ಸಾರು ಮಾಡೋಣ."

"ಸಾರು ಆಮೇಲೆ. ಮೊದಲು ಕಚ್ಚಿ."

ಕಚ್ಚಿದೆ. ಅರ್ಧಚಂದ್ರ. ಇನ್ನೊಂದನ್ನು ಕಚ್ಚಿದೆ, ಭಾವನನ್ನು ಕೂಗಿದೆ, ಅವರೂ ಎರಡು ಕಚ್ಚಿದರು. ಹತ್ತರಲ್ಲಿ ಹತ್ತೂ. ಬಣ್ಣ ಸಪ್ಪೆ, ಸಾಸ್ ಇಲ್ಲ, ಒಂದೊಂದರ ಚರ್ಮ ಸುಕ್ಕುಗಟ್ಟಿತ್ತು. ಹಲ್ಲಿಗೆ ಮಾತ್ರ ಮೊಸರಿನ ಕೆನೆ.

ಅಂದು ರಾತ್ರಿ ಭಾವ ಮತ್ತು ನಾನು ಮಲಗಿದ್ದು ಎರಡು ಗಂಟೆಗೆ. ಚರ್ಮಕ್ಕೆ ಗಟ್ಟಿತನ ಕೊಡುವುದು ಕೊಲಾಜನ್ ಎಂಬ ಪ್ರೋಟೀನ್. ಅದು ಕರಗಿ ಮೆತ್ತಗಿನ ಜೆಲಾಟಿನ್ ಆಗಲು ಶಾಖದ ಜೊತೆ ಎರಡು ವಸ್ತು ಬೇಕು: ತೇವ ಮತ್ತು ಸಮಯ. ಒಣಗಾಳಿ ಬೀಸುವ ಸ್ಮೋಕರಿನಲ್ಲಿ ಚರ್ಮ ಮೊದಲು ಒಣಗುತ್ತದೆ. ಒಣಗಿದ ಮೇಲೆ ಎಷ್ಟು ಶಾಖ ಕೊಟ್ಟರೂ ಅದು ತೊಗಲೇ. ನಾವು ಐದು ವಾರ ಉರಿಯ ಪ್ರಮಾಣದ ಬಗ್ಗೆ ತಲೆ ಕೆಡಿಸಿಕೊಂಡಿದ್ದೆವು, ತಪ್ಪಿದ್ದು ಅನುಕ್ರಮ. ಚರ್ಮ ಬೇಯುವ ಮೊದಲೇ ನಾವು ಅದನ್ನು ಒಣಗಿಸುತ್ತಿದ್ದೆವು. ಸೋಮವಾರಪೇಟೆಯ ನಮ್ಮ ಮನೆಯಲ್ಲಿ ಹಂದಿಮಾಂಸವನ್ನು ಚರ್ಮದ ಸಮೇತ ಮುಚ್ಚಿದ ಪಾತ್ರೆಯಲ್ಲಿ ಬೇಯಿಸಿ, ಚರ್ಮ ಹದವಾದ ಮೇಲಷ್ಟೇ ಕಾಚಂಪುಳಿ (ಕೊಡಗಿನ ಹಣ್ಣಿನ ಹುಳಿ) ಹಾಕಿ ನೀರು ಇಂಗಿಸುತ್ತಿದ್ದರು. ಅದನ್ನು ತಿಂದು ಬೆಳೆದವನಿಗೆ ಕೋಳಿಯ ವಿಷಯದಲ್ಲಿ ಇದು ಹೊಳೆಯಲು ಮಳೆ ಬರಬೇಕಾಯಿತು.

ಆರನೆಯ ವಾರ ಈ ಕ್ರಮ ಕಟ್ಟಿದೆವು. ಸ್ಮೋಕರ್ 275. ತಟ್ಟೆಯಲ್ಲಿ ಕರಗಿದ ಬೆಣ್ಣೆ, ಸ್ವಲ್ಪ ಕೋಳಿಸಾರು. 9.45ಕ್ಕೆ ತೊಡೆಗಳು ಚರ್ಮ ಕೆಳಗಾಗಿ ಒಳಗೆ, ಮುಚ್ಚಳವಿಲ್ಲದೆ, ಚೆರ್ರಿ ಮರದ ಹೊಗೆಯಲ್ಲಿ. 10.30ಕ್ಕೆ ಮಗುಚಿ ಚರ್ಮ ಮೇಲೆ, ಫಾಯಿಲ್ ಬಿಗಿಯಾಗಿ. 11.15ಕ್ಕೆ ಒಳಶಾಖ 190ರ ಹತ್ತಿರ. ಆಗ ಜಾಲರಿಯ ಮೇಲೆ ಹತ್ತು ನಿಮಿಷ ನೀರಾರಿಸಿ, ತೆಳುಮಾಡಿದ ಸಾಸಿನಲ್ಲಿ ಪೂರ್ತಿ ಮುಳುಗಿಸಿ, ಮತ್ತೆ ಹನ್ನೆರಡು ನಿಮಿಷ ಸ್ಮೋಕರಿಗೆ. 11.40ಕ್ಕೆ ಪೆಟ್ಟಿಗೆಯ ಕೆಲಸ ಶುರು.

ಚರ್ಮ ಗೆದ್ದಿತು, ಬಣ್ಣ ಸೋತಿತು. ಬೆಣ್ಣೆಯಲ್ಲಿ ಮುಖ ಕೆಳಗೆ ಮಾಡಿ ಮಲಗಿದ ಚರ್ಮಕ್ಕೆ ಹೊಗೆಯೇ ತಾಗುವುದಿಲ್ಲ. ಇದಕ್ಕೆ ಮದ್ದು ನಮ್ಮ ಡಬ್ಬಿಯಲ್ಲೇ ಇತ್ತು: ಬ್ಯಾಡಗಿ ಮೆಣಸಿನಕಾಯಿ ಪುಡಿ. ಖಾರ ಕಡಿಮೆ, ಬಣ್ಣ ಧಾರಾಳ, ಆ ಬಣ್ಣ ಕರಗುವುದು ಎಣ್ಣೆ ಬೆಣ್ಣೆಗಳಲ್ಲಿ. ಎರಡು ಚಮಚ ಪುಡಿಯನ್ನು ಬಿಸಿ ಬೆಣ್ಣೆಯಲ್ಲಿ ಕಾಲು ಗಂಟೆ ಬಿಟ್ಟು ಬಟ್ಟೆಯಲ್ಲಿ ಸೋಸಿದೆ. ಏಳನೆಯ ಶನಿವಾರ ಆ ಕೆಂಪು ಬೆಣ್ಣೆಯಲ್ಲಿ ಮಲಗಿದ್ದ ಚರ್ಮ ಫಾಯಿಲ್ ತೆಗೆದಾಗ ಮಾಗಿದ ಗೇರುಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಪಕ್ಕದ ಮನೆಯ ಶಿಕ್ಷಕರು ಗಡಿಯಾರ ಬಿಟ್ಟು ಡಬ್ಬಿಯ ಮೇಲಿನ ಅಕ್ಷರಗಳನ್ನು ಫೋಟೊ ತೆಗೆದುಕೊಂಡರು.

ಕಾಚಂಪುಳಿ ಎಂದೆನಲ್ಲ, ಮುಂದಿನ ಯೋಜನೆ ಅದೇ. ಹಂದಿಭುಜದ ಸಾಸಿನಲ್ಲಿ ಇಲ್ಲಿನವರು ಹಾಕುವ ಸೇಬಿನ ವಿನೆಗರಿನ ಅರ್ಧ ಪಾಲನ್ನು ತೆಗೆದು, ಆ ಜಾಗಕ್ಕೆ ಕಾಚಂಪುಳಿ ಮತ್ತು ಬೆಲ್ಲ. ಆದರೆ ಅಂತರಜಾಲದಲ್ಲಿ ತರಿಸಿದ ಮೊದಲ ಬಾಟಲಿ ನೀರಿನಂತೆ ಹರಿಯಿತು. ಕಾಚಂಪುಳಿ ಕಂಡವರಿಗೆ ಗೊತ್ತು, ಅದು ಕಾಕಂಬಿಯಂತೆ ಕಪ್ಪಗೆ ಮಂದವಾಗಿ ಚಮಚಕ್ಕೆ ಅಂಟಬೇಕು. ಮಾರಿದವರಿಗೆ ಎರಡು ಸಲ ಬರೆದೆ, ಉತ್ತರವಿಲ್ಲ. ಚಿಕ್ಕಮ್ಮ ಊರಿನಿಂದ ಬರುವವರ ಕೈಯಲ್ಲಿ ಅರ್ಧ ಲೀಟರ್ ಕಳುಹಿಸುತ್ತೇನೆಂದು ಹೇಳಿದ್ದಾರೆ.

ಅದು ಬರುವ ತನಕ ಡ್ರಮ್. ಎರಡು ಸ್ಮೋಕಿ ಮೌಂಟನ್‌ಗಳಲ್ಲಿ ನಾಲ್ಕು ಮಾಂಸ ಸಂಭಾಳಿಸುವುದು ಕಷ್ಟ, ಕೋಳಿಗೆಂದೇ ಒಂದು ಒಲೆ ಬೇಕು. 55 ಗ್ಯಾಲನ್‌ನ ಉಕ್ಕಿನ ಡ್ರಮ್ಮಿನ ಒಳಗೆ 22 ಇಂಚಿನ ಕೆಟಲ್ (ದುಂಡನೆಯ ಗ್ರಿಲ್) ಜಾಲರಿ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತದೆ. ಕೆಂಡದಿಂದ ಜಾಲರಿಗೆ ಎರಡು ಅಡಿ ಅಂತರ, ಬುಡದಲ್ಲಿ ಮುಕ್ಕಾಲು ಇಂಚಿನ ನಾಲ್ಕು ಗಾಳಿಕೊಳವೆ. ಕೊಬ್ಬು ನೇರವಾಗಿ ಕೆಂಡಕ್ಕೆ ತೊಟ್ಟಿಕ್ಕಿ ಏಳುವ ಹೊಗೆಯ ಪರಿಮಳಕ್ಕೆ ನಾನು ಈಗಾಗಲೇ ಮನಸೋತಿದ್ದೇನೆ. 1980ರಿಂದ ನಡೆಯುತ್ತಿರುವ ಅಮೆರಿಕನ್ ರಾಯಲ್ ಬಾರ್ಬೆಕ್ಯೂ ಸ್ಪರ್ಧೆಯ ಮೈದಾನದಲ್ಲಿ ಒಂದು ದಿನ ಆ ಡ್ರಮ್ ನಿಲ್ಲಬೇಕೆಂಬುದು ಭಾವನ ಆಸೆ, ನನ್ನದೂ ಅದೇ.

ಎರಡನೆಯ ಸ್ಪರ್ಧೆಗೆ ಮೂರು ವಾರ ಇದೆ. ಫ್ರೀಜರಿನಲ್ಲಿ ಕೆರೆದ ಚರ್ಮ ಇಪ್ಪತ್ತನಾಲ್ಕು ಇವೆ, ಅವು ಅಭ್ಯಾಸಕ್ಕೆ ಮಾತ್ರ. ಸ್ಪರ್ಧೆಯ ಕೋಳಿಗೆ ಅಧಿಕಾರಿಗಳು ಮಾಂಸ ನೋಡಿ ಒಪ್ಪುವ ತನಕ ಮಸಾಲೆ ತಾಗಿಸುವಂತಿಲ್ಲ. ಡ್ರಮ್ಮಿನ ಒಳಬಣ್ಣ ಸುಟ್ಟು ತೆಗೆಯಲು ಭಾವ ಹಳೆಯ ಹಲಗೆಗಳನ್ನು ರಾಶಿ ಹಾಕಿದ್ದಾರೆ. ಈ ಕ್ಯಾನ್ಸಸ್ ಗಾಳಿ ಸ್ವಲ್ಪ ತಗ್ಗಿದರೆ ನಾಳೆ ಬೆಳಗ್ಗೆಯೇ ಬೆಂಕಿ ಇಡುತ್ತೇವೆ.