ಕ್ರಯದ ದಿನಕ್ಕೆ ಮುಂಚೆ ಒಂದು ಹಾಳೆ ಲೆಕ್ಕ

ಮೈಸೂರಿನಲ್ಲಿ ಸೈಟು ಕೊಳ್ಳುವಾಗ ಬ್ರೋಕರ್, ಪತ್ರ ಬರಹಗಾರರು, ಬ್ಯಾಂಕಿನ ವಕೀಲರು ಎಲ್ಲರೂ ಇರುತ್ತಾರೆ. ಯಾರಿಗೆ ಎಷ್ಟು ಹೋಗುತ್ತದೆ ಅಂತ ಪೂರ್ತಿ ಲೆಕ್ಕ ಬರೆದುಕೊಡುವ ಹೊಣೆ ಮಾತ್ರ ಯಾರಿಗೂ ಇಲ್ಲ. ಅಮೆರಿಕದಲ್ಲಿ ಹೆಚ್ಚಿನ ಗೃಹಸಾಲಗಳಿಗೆ 2015ರ ಅಕ್ಟೋಬರ್‌ನಿಂದ ‘ಕ್ಲೋಸಿಂಗ್ ಡಿಸ್‌ಕ್ಲೋಷರ್’ ಎಂಬ ಪೂರ್ತಿ ಖರ್ಚಿನ ಪಟ್ಟಿ ಸಾಲದ ಪತ್ರಕ್ಕೆ ಸಹಿ ಹಾಕುವ ಮೂರು ಕೆಲಸದ ದಿನ ಮೊದಲೇ ಕೈಸೇರಬೇಕು. ಹಣ ಹಿಡಿದು ಹಂಚುವ ಸೆಟಲ್‌ಮೆಂಟ್ ಏಜೆಂಟರಿಗೆ ಹಲವು ರಾಜ್ಯಗಳಲ್ಲಿ ಲೈಸೆನ್ಸ್ ಬೇರೆ ಬೇಕು. ನಮ್ಮಲ್ಲಿ 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್‌ನಲ್ಲಿ ಇರುವುದು ಸಾಲದ ಖರ್ಚಷ್ಟೇ. ಉಳಿದದ್ದನ್ನು ನಾವೇ ಬರೆದುಕೊಳ್ಳಬೇಕು.

ನಗರದೊಳಗಿನ 60 ಲಕ್ಷದ ಸೈಟು ಅನ್ನಿ. ಸ್ಟಾಂಪ್ ಡ್ಯೂಟಿ ಶೇ. 5, ಅಂದರೆ 3,00,000. ಆ ಡ್ಯೂಟಿಯ ಮೇಲೆ ಸೆಸ್ ಶೇ. 10, ಸರ್ಚಾರ್ಜ್ ಶೇ. 2: 36,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ: 1,20,000. ಒಟ್ಟು 4,56,000. ಸರ್ಕಾರ ಆ ಜಾಗಕ್ಕೆ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ 60 ಲಕ್ಷಕ್ಕಿಂತ ಹೆಚ್ಚಿದ್ದರೆ ಡ್ಯೂಟಿ ಅದರ ಮೇಲೆಯೇ. ಇದನ್ನು ಅಡ್ವಾನ್ಸ್ ಕೊಡುವ ಮೊದಲೇ ನೋಡಿಕೊಳ್ಳಿ.

ಬೆಲೆ 50 ಲಕ್ಷ ಮುಟ್ಟಿದರೆ ಶೇ. 1 ಟಿಡಿಎಸ್, ಅಂದರೆ ಕೊಳ್ಳುವವರು ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ. ಇದು ಮೇಲುಖರ್ಚಲ್ಲ, ಮಾರುವವರಿಗೆ ಕೊಡುವುದರಲ್ಲೇ ಹಿಡಿಯುವುದು. ಅಡ್ವಾನ್ಸ್ ಕೊಡುವಾಗಲೂ ಹಿಡಿಯಬೇಕು. ಮಾರುವವರ ಪ್ಯಾನ್ ಆಧಾರ್‌ಗೆ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ ಶೇ. 1ರ ಬದಲು ಶೇ. 20 ಹಿಡಿಯಬೇಕು, ಆ ತಲೆನೋವು ಕೊಳ್ಳುವವರದ್ದೇ. ಮಾರುವವರು ಅನಿವಾಸಿಯಾಗಿದ್ದರೆ ಈ ಶೇ. 1ರ ನಿಯಮವೇ ಅನ್ವಯಿಸದು. ಆಗ ಆಡಿಟರ್ ಹತ್ತಿರ ಹೋಗದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹೆಚ್ಚು ಎಡವಟ್ಟಾಗುವುದು ಮಾರುವವರ ಹಳೇ ಸಾಲದಲ್ಲಿ. ಅವರ ಬ್ಯಾಂಕಿನ ಬಾಕಿ 18,45,000 ಅಂತಿಟ್ಟುಕೊಳ್ಳಿ. ಅಡ್ವಾನ್ಸ್ 5 ಲಕ್ಷಕ್ಕೆ 5,000 ಟಿಡಿಎಸ್ ಹಿಡಿದು 4,95,000 ಕೊಟ್ಟಿದ್ದೀರಿ. ಉಳಿದ 55 ಲಕ್ಷದಲ್ಲಿ ಟಿಡಿಎಸ್ 55,000 ಹೋಗಿ 54,45,000. ಅದರಲ್ಲಿ 18,45,000ದ ಡಿಡಿ ನೇರ ಸಾಲದ ಖಾತೆಗೆ, 36,00,000ದ ಡಿಡಿ ಮಾರುವವರ ಹೆಸರಿಗೆ. ‘ನನಗೇ ಪೂರ್ತಿ ಕೊಡಿ, ನಾನೇ ತೀರಿಸ್ತೀನಿ’ ಅನ್ನುವ ಮಾತಿಗೆ ಒಪ್ಪಬೇಡಿ. ಬಾಕಿಯ ಪತ್ರದಲ್ಲಿ ‘ಇಂಥ ತಾರೀಖಿನವರೆಗೆ’ ಅಂತ ಇರುತ್ತದೆ, ಬಡ್ಡಿ ದಿನದಿನವೂ ಏರುತ್ತದೆ. ಸರ್ವರ್ ಕೈಕೊಟ್ಟು ನೋಂದಣಿ ಎರಡು ದಿನ ಮುಂದೆ ಹೋದರೆ ಡಿಡಿ ಒಂದಿಷ್ಟು ಕಮ್ಮಿ ಬಿದ್ದು ಸಾಲ ಚುಕ್ತಾ ಆಗುವುದಿಲ್ಲ. ಚುಕ್ತಾ ಆದ 30 ದಿನದೊಳಗೆ ಮೂಲಪತ್ರ ವಾಪಸ್ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ತಮ್ಮಲ್ಲಿರುವ ಪತ್ರಗಳ ಪಟ್ಟಿಯನ್ನು ಆ ಬ್ಯಾಂಕಿನಿಂದ ಮೊದಲೇ ಬರೆಸಿಕೊಳ್ಳಿ.

ಪ್ರತಿ ಡಿಡಿಯ ನಂಬರು, ತಾರೀಖು, ಹಿಡಿದ ಟಿಡಿಎಸ್ ಕ್ರಯಪತ್ರದಲ್ಲಿ ಬರಬೇಕು; ಕೂಡಿದರೆ ಸರಿಯಾಗಿ 60 ಲಕ್ಷ ಆಗಬೇಕು. ಇ-ಖಾತಾದಲ್ಲಿರುವ (ಸ್ಥಳೀಯ ಸಂಸ್ಥೆಯ ಆನ್‌ಲೈನ್ ಆಸ್ತಿ ದಾಖಲೆ) ಹೆಸರು, ಅಳತೆ, ಚಕ್ಕುಬಂದಿಯನ್ನು ಕ್ರಯಪತ್ರದ ಕರಡಿನ ಜೊತೆ ಸಾಲುಸಾಲಾಗಿ ತಾಳೆ ನೋಡಿ.

ಬ್ರೋಕರ್ ವಿಷಯ. ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಬೇಕಾದ ಬಡಾವಣೆಯ ಸೈಟು ಮಾರಿಸುವವರಿಗೆ ರೇರಾ ನಂಬರು ಇರಲೇಬೇಕು, ಇಲ್ಲದಿದ್ದರೆ ದಿನಕ್ಕೆ 10,000 ದಂಡದ ಅವಕಾಶವಿದೆ. ಅಂಥ ಕಡೆ ಬಡಾವಣೆ ಮಾಡಿದವರು ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ. ಕುವೆಂಪುನಗರದ ಹಳೇ ಮನೆ ಕೈಬದಲಾಯಿಸುವ ಬ್ರೋಕರ್‌ಗೆ ಇದು ಯಾವುದೂ ತಟ್ಟದು. ಹಾಗಾಗಿ ಕಮಿಷನ್ ಎಷ್ಟು, ಯಾರು ಕೊಡಬೇಕು, ವ್ಯಾಪಾರ ಮುರಿದರೆ ಏನು ಅನ್ನುವುದನ್ನು ಅದೇ ಹಾಳೆಯಲ್ಲಿ ಬರೆದು ಸಹಿ ಹಾಕಿಸಿ.