ನಡುಮನೆಯ ಜಿಮ್ನಾಸ್ಟಿಕ್ಸ್: ಹತ್ತನೇ ವಾರದ ಟಿಪ್ಪಣಿ

ಮಗಳಿಗೆ ಈಗ ನಾಲ್ಕು ವರ್ಷ ಎರಡು ತಿಂಗಳು. ಹತ್ತು ವಾರದ ಹಿಂದೆ ಟೀಪಾಯಿಯನ್ನು ಮೂಲೆಗೆ ಸರಿಸಿ ಈ ಕೆಲಸ ಶುರು ಮಾಡಿದೆ. ಅವಳನ್ನು ಜಿಮ್ನಾಸ್ಟ್ ಮಾಡಬೇಕು ಅಂತಲ್ಲ. ಶಿಶುವಿಹಾರದ ಮೆಟ್ಟಿಲು ಇಳಿಯುವಾಗ ಪ್ರತಿ ಮೆಟ್ಟಿಲಲ್ಲೂ ಎರಡು ಕಾಲು ಜೋಡಿಸಿ ನಿಲ್ಲುತ್ತಿದ್ದಳು. ಪಾರ್ಕಿನ ಜಾರುಬಂಡೆಯ ತನಕ ಓಡಿ ಹೋಗಿ, ಸುಮ್ನೆ ನೋಡಿ ವಾಪಸ್ ಬರುತ್ತಿದ್ದಳು. ಆಸೆ ಇತ್ತು, ಭಯವೂ ಇತ್ತು. ಆ ಭಯವನ್ನು ಬೈದು ಓಡಿಸಲು ಆಗುವುದಿಲ್ಲ.

ಮೊದಲು ಒಂದು ಕ್ಲಾಸಿಗೆ ಹೋಗಿದ್ದೆವು. ಅಲ್ಲಿ ಪುಟ್ಟ ಮಕ್ಕಳ ತೊಡೆ ಒತ್ತಿ ಸ್ಪ್ಲಿಟ್ (ಎರಡೂ ಕಾಲನ್ನು ನೆಲಕ್ಕೆ ತಾಗುವಂತೆ ಅಗಲಿಸಿ ಚಾಚುವುದು) ಮಾಡಿಸುತ್ತಿದ್ದರು. ಒಂದು ಮಗು ಅಳುತ್ತಿತ್ತು. ಅರ್ಧಕ್ಕೇ ಎದ್ದು ಬಂದೆವು. ಈ ವಯಸ್ಸಿಗೆ ಅದು ಖಂಡಿತ ಬೇಡ. 2016ರ ರಿಯೋ ಒಲಿಂಪಿಕ್ಸ್‌ನ ವಾಲ್ಟ್‌ನಲ್ಲಿ (ಓಡಿ ಬಂದು ಎತ್ತರದ ಮೇಜಿನ ಮೇಲೆ ಕೈಯೂರಿ ಹಾರುವ ಸ್ಪರ್ಧೆ) ನಾಲ್ಕನೆಯವರಾದ ಅಗರ್ತಲಾದ ಜಿಮ್ನಾಸ್ಟ್ ದೀಪಾ ಕರ್ಮಾಕರ್ ಕಲಿಕೆ ಶುರು ಮಾಡಿದ್ದೇ ಆರನೇ ವಯಸ್ಸಿಗೆ, ಅದೂ ಚಪ್ಪಟೆ ಪಾದ ಇಟ್ಟುಕೊಂಡು. ನಾಲ್ಕಕ್ಕೆ ಯಾಕೆ ಅಷ್ಟು ಅವಸರ, ಅಲ್ವಾ?

ವಾರ 1, 2

ಬರೀ ಪ್ರಾಣಿಗಳು. ಕರಡಿ ನಡಿಗೆ, ಏಡಿ ನಡಿಗೆ, ಕಪ್ಪೆ ಜಿಗಿತ. ಕರಡಿ ನಡಿಗೆಯಲ್ಲಿ ಮೈಭಾರ ಅಂಗೈ ಮೇಲೆ ಬೀಳುತ್ತದೆ. ಮಣಿಕಟ್ಟು, ಭುಜ, ಹೊಟ್ಟೆ ಎಲ್ಲಕ್ಕೂ ಕೆಲಸ. ಬಳಪ ಹಿಡಿಯುವ ಬೆರಳಿಗೂ ಗಟ್ಟಿ ಭುಜದ ಆಸರೆ ಬೇಕಲ್ಲ. ಅಜ್ಜಿ ಸೀಮೆಸುಣ್ಣದಲ್ಲಿ ಹಾವಿನಂಥ ಗೆರೆ ಎಳೆದುಕೊಟ್ಟರು, ಅದರ ಮೇಲೆ ನಡಿಗೆ. ಮೂರು, ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಟ್ಟು 180 ನಿಮಿಷವಾದರೂ ಓಡಾಡಿಕೊಂಡಿರಬೇಕು, ಅದರಲ್ಲಿ 60 ನಿಮಿಷ ಚುರುಕಾದ ಆಟ ಇರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ. ನಮ್ಮದು 15 ನಿಮಿಷ. ಉಳಿದದ್ದಕ್ಕೆ ಸಂಜೆಯ ಪಾರ್ಕು.

ವಾರ 3

ಬಡಗಿ ಹತ್ತಿರ ಹಲಗೆ ಮಾಡಿಸಿದೆ. 2 ಮೀಟರ್ ಉದ್ದ, 10 ಸೆಂ.ಮೀ. ಅಗಲ, ಅಂಚು ಚೆನ್ನಾಗಿ ಉಜ್ಜಿದ್ದು. ಜಿಮ್ನಾಸ್ಟಿಕ್ಸ್ ಪಂದ್ಯದ ಬೀಮ್ (ಮೇಲೆ ನಡೆದು ಕಸರತ್ತು ಮಾಡುವ ಕಿರಿದಾದ ತೊಲೆ) ಕೂಡ ಇಷ್ಟೇ ಅಗಲ. ಆದರೆ ಅದು 5 ಮೀಟರ್ ಉದ್ದ, 125 ಸೆಂ.ಮೀ. ಎತ್ತರ. ನಮ್ಮದು ನೆಲದಿಂದ 5 ಸೆಂ.ಮೀ. ಅಷ್ಟೆ.

ಮೊದಲ ದಿನ ಎರಡೇ ಹೆಜ್ಜೆಗೆ ಜಾರಿದಳು. ಕಣ್ಣು ಪೂರ್ತಿ ಪಾದದ ಮೇಲೆ. ಹಲಗೆಯ ಆಚೆ ತುದಿಗೆ ಒಂದು ನೀಲಿ ಬಟ್ಟಲು ಇಟ್ಟು "ಅದನ್ನೇ ನೋಡ್ತಾ ಬಾ" ಅಂದೆ. ಐದು ಹೆಜ್ಜೆ ಬಂದಳು! ನಮ್ಮ ಸಮತೋಲ ಕಾಯುವುದು ಕಾಲು ಮಾತ್ರ ಅಲ್ಲ. ಕಣ್ಣು ಒಂದು ಸುದ್ದಿ ಕೊಡುತ್ತದೆ. ಒಳಕಿವಿಯ ಮೂರು ಅರೆವೃತ್ತದ ನಾಳಗಳಲ್ಲಿರುವ ದ್ರವ ತಲೆ ಎತ್ತ ತಿರುಗಿತು ಅಂತ ಹೇಳುತ್ತದೆ. ಕೀಲು, ಸ್ನಾಯುಗಳು ಕೈಕಾಲು ಎಲ್ಲಿದೆ ಅಂತ ಹೇಳುತ್ತವೆ. ಮಿದುಳು ಈ ಮೂರನ್ನೂ ಸೇರಿಸಬೇಕು. ಅದನ್ನು ಯಾರೂ ಬಾಯಲ್ಲಿ ಕಲಿಸಲಾಗದು. ಮಗು ವಾಲಿ, ಜಾರಿ, ಮತ್ತೆ ಹತ್ತಿಯೇ ಕಲಿಯಬೇಕು.

ವಾರ 4, ನನ್ನ ತಪ್ಪು

ಲಾಗ ಕಲಿಸಲು ಹೊರಟೆ. ಎರಡು ದಿಂಬಿನ ಮೇಲೆ ಹತ್ತಿ ಹಾಸಿಗೆ ಹಾಸಿ ಇಳಿಜಾರು ಮಾಡಿದ್ದೆ. ಇಳಿಜಾರಿದ್ದರೆ ಉರುಳುವುದು ಸುಲಭ. ಗದ್ದ ಎದೆಗೆ ತಾಗಿರಬೇಕು, ಭಾರ ಕೈ ಮತ್ತು ಭುಜದ ಮೇಲೆ ಬೀಳಬೇಕು, ನೆತ್ತಿಯ ಮೇಲೆ ಬೀಳಕೂಡದು. ಈ ವಯಸ್ಸಲ್ಲಿ ತಲೆ ದೊಡ್ಡದು, ತೋಳು ಗಿಡ್ಡ. ಹಾಗಾಗಿ ನಾನು ಸೊಂಟ ಹಿಡಿದು ಎತ್ತಿ ಉರುಳಿಸುತ್ತಿದ್ದೆ. ಕೈ ಹಿಡಿದು ಎಳೆಯುತ್ತಿರಲಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಹಾಗೆ ಎಳೆದರೆ ಮೊಣಕೈ ಕೀಲು ಜಾರಬಹುದು.

ಇಷ್ಟೆಲ್ಲ ನೋಡಿಕೊಂಡವಳು ಟೈಲ್ಸ್ ನೆಲ ಮರೆತೆ. ಹಾಸಿಗೆ ಸರ್ರನೆ ಜಾರಿತು. ಅವಳು ಪಕ್ಕಕ್ಕೆ ಬಿದ್ದಳು. ಪೆಟ್ಟಾಗಲಿಲ್ಲ, ಆದರೆ ಹೆದರಿದಳು. "ನಾನು ಮಾಡಲ್ಲ" ಅಂದಳು. ಒಂಬತ್ತು ದಿನ ಹಾಸಿಗೆ ಹತ್ತಿರವೂ ಬರಲಿಲ್ಲ. ಅವಳ ಆ ಮುಖ ನೆನೆದರೆ ಈಗಲೂ ಸಂಕಟ ಆಗುತ್ತದೆ.

ವಾರ 5, 6

ಹಾಸಿಗೆ ಕೆಳಗೆ ರಬ್ಬರಿನ ಯೋಗ ಮ್ಯಾಟ್ ಹಾಕಿ, ಅದು ಅಲುಗಾಡುವುದಿಲ್ಲ ಅಂತ ನಾನೇ ಹತ್ತಿ ಕುಣಿದು ನೋಡಿದೆ. ಅವಳನ್ನು ಕರೆಯಲಿಲ್ಲ. ಹಾಸಿಗೆ ಅಲ್ಲೇ ಇರಲಿ ಅಂತ ಬಿಟ್ಟೆ. ಒಂದು ಮಧ್ಯಾಹ್ನ ಅಡುಗೆಮನೆಯಿಂದ ನೋಡುತ್ತೇನೆ, ತನ್ನ ಗೊಂಬೆಯನ್ನು ಕೂರಿಸಿಕೊಂಡು ಪಾಠ ಮಾಡುತ್ತಿದ್ದಾಳೆ. "ಗದ್ದ ಒಳಗೆ. ಅಮ್ಮ ಸೊಂಟ ಹಿಡ್ಕೋತಾಳೆ. ಹೆದರ್ಬೇಡ." ಗೊಂಬೆಗೆ ಹತ್ತು ಸಲ ಲಾಗ ಹಾಕಿಸಿದಳು. ಮರುದಿನ "ಈಗ ನನ್ನ ಸರದಿ" ಅಂದಳು. ಈ ಹತ್ತು ವಾರದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸಿದ್ದು ಇದೇ. ಕ್ರಮವನ್ನು ನೆನಪಿಟ್ಟುಕೊಂಡಿದ್ದಳು, ಹೆದರಿಕೆಗೆ ಮಾತು ಕೊಟ್ಟಿದ್ದಳು, ಯಾವಾಗ ಅಂತ ತಾನೇ ತೀರ್ಮಾನಿಸಿದ್ದಳು.

ವಾರ 7ರಿಂದ 9

ಜಿಗಿದು ಇಳಿಯುವುದು. ಮಣೆ ಮೇಲಿಂದ ನೆಲದ ಚಾಪೆಗೆ. ಮಂಡಿ ನೆಟ್ಟಗಿಟ್ಟು ಧೊಪ್ಪನೆ ಇಳಿಯುತ್ತಿದ್ದಳು. ಅಜ್ಜಿ "ಗಣಪನಿಗೆ ಬಸ್ಕಿ ಹೊಡೀತೀಯಲ್ಲ, ಅರ್ಧ ಬಸ್ಕೀಲಿ ನಿಲ್ಲು" ಅಂದರು. ಒಂದೇ ಮಾತಿಗೆ ಸರಿಹೋಯಿತು. ನಾನು ಅದುವರೆಗೆ ಏನೇನೋ ವಿವರಿಸಿದ್ದೆ.

ನೆಂಟರೊಬ್ಬರು ಟ್ರ್ಯಾಂಪೊಲಿನ್ (ಮೇಲೆ ಜಿಗಿದರೆ ಪುಟಿಸುವ ಬಿಗಿ ಹಾಸು) ಕೊಡಿಸುತ್ತೇವೆ ಅಂದರು. ಬೇಡ ಅಂದೆ. ಆರು ವರ್ಷದೊಳಗಿನವರಿಗೆ ಅದು ಬೇಡ ಅಂತ ಅಮೆರಿಕದ ಮೂಳೆ ವೈದ್ಯರ ಸಂಘವೇ ಹೇಳುತ್ತದೆ.

ಬೇರೊಂದು ಶನಿವಾರದ ಕ್ಲಾಸಿಗೂ ಸೇರಿಸಿದ್ದೇನೆ. ಆರು ಮಕ್ಕಳು, ಒಬ್ಬರು ಮಿಸ್. ಒಬ್ಬರು ಹಲಗೆ ಇಳಿಯುವ ತನಕ ಉಳಿದವರು ಬಣ್ಣದ ಚುಕ್ಕಿ ಮೇಲೆ ನಿಂತು ಕಾಯಬೇಕು. ಮನೆಯಲ್ಲಿ ಒಬ್ಬಳೇ ಮಗಳು, ಸರದಿ ಕಾಯುವುದನ್ನು ನಾನು ಕಲಿಸಲು ಆಗಿರಲಿಲ್ಲ.

ವಾರ 10, ಲೆಕ್ಕ

ಒಂಟಿ ಕಾಲಲ್ಲಿ ನಿಲ್ಲುವುದು 3 ಸೆಕೆಂಡ್ ಇದ್ದದ್ದು 8 ಆಗಿದೆ. ಹಲಗೆ ಮೇಲೆ ತುದಿ ಮುಟ್ಟುತ್ತಾಳೆ, ಹಿಮ್ಮುಖವಾಗಿ ಮೂರು ಹೆಜ್ಜೆ. ಇಳಿಜಾರಲ್ಲಿ ಲಾಗ ಒಬ್ಬಳೇ ಹಾಕುತ್ತಾಳೆ, ಸಮನೆಲದಲ್ಲಿ ಇನ್ನೂ ಇಲ್ಲ. ವಯಸ್ಸಿನ ಜೊತೆ ತಾನಾಗಿ ಬಂದದ್ದೂ ಇದರಲ್ಲಿ ಸೇರಿದೆ, ಎಲ್ಲವೂ ಹಲಗೆಯ ಪುಣ್ಯ ಅಲ್ಲ. ಶಿಶುವಿಹಾರದ ಮೆಟ್ಟಿಲನ್ನು ಈಗ ಕಂಬಿ ಹಿಡಿದುಕೊಂಡೇ, ಮೆಟ್ಟಿಲಿಗೆ ಒಂದೇ ಕಾಲಿಟ್ಟು ಇಳಿಯುತ್ತಾಳೆ.

ಜಾರುಬಂಡೆ ಇನ್ನೂ ಹತ್ತಿಲ್ಲ. ನಿನ್ನೆ ಏಣಿಯ ಮೂರನೇ ಮೆಟ್ಟಿಲ ತನಕ ಹತ್ತಿ, ಕೈಲಿದ್ದ ಗೊಂಬೆಯನ್ನು ಮೇಲಿಟ್ಟು ಇಳಿದಳು.